ಜಿಂಕೆಗೆ ಅಂತಲೇ ಮಾಡಿಸಿದ ಕೋವಿ: ಅವರ ಕಥೆ, ನಮ್ಮ ಲೆಕ್ಕ

ಎಲೆಕ್ಷನ್ ಬಂತು ಅಂದ್ರೆ ನಮ್ಮಂಥವರಿಗೆ ಒಂದು ಕೆಲಸ ಗ್ಯಾರಂಟಿ. ಅಟ್ಟದ ಮೇಲಿನ ಕೋವಿ ಇಳಿಸಿ, ಧೂಳು ಒರೆಸಿ, ಗೋಣಿಚೀಲ ಸುತ್ತಿ ಸ್ಟೇಷನ್ನಿಗೆ ಒಯ್ದು ಕೊಟ್ಟು ರಶೀದಿ ತಗೊಂಡು ಬರೋದು. ಈ ಸಲ ಹೋದಾಗ ಹಿಂದೆ ಮುಂದೆ ಹದಿನೈದು ಜನ ಇದ್ರು. ಎಲ್ಲರ ಕೈಲೂ ಅಪ್ಪನ ಕಾಲದ್ದೋ ಅಜ್ಜನ ಕಾಲದ್ದೋ ಒಂದೊಂದು ಕೋವಿ. ಯಾರ ಕೋವಿಯೂ ಈಡು ಹಾರಿಸಿ ಹತ್ತು ವರ್ಷದ ಈಚಿನದ್ದಲ್ಲ ಅಂತ ಕಾಣುತ್ತೆ. ಆದ್ರೂ ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಕೂತಿದ್ರು.

ನನ್ನನ್ನ ಬೈಕಲ್ಲಿ ಕರ್ಕೊಂಡು ಹೋಗಿದ್ದವನು ಪಕ್ಕದ ಮನೆ ಹುಡುಗ. ಕಾಯೋ ಹೊತ್ತಲ್ಲಿ ಮೊಬೈಲ್ ತೆಗೆದು ಒಂದು ವಿಡಿಯೊ ತೋರಿಸಿದ. ಅಮೆರಿಕದ ಯಾರೋ ಒಬ್ಬ ಜಿಂಕೆ ಬೇಟೆಗೆ ಅಂತ ರೈಫಲ್ ಮಾಡಿಸ್ತಾ ಇದಾನೆ. ಅಂಗಡಿಯಲ್ಲಿ ಸಿಗೋದಲ್ಲ, ತನ್ನ ಕೈಗೆ, ತನ್ನ ಹೆಗಲಿಗೆ ಅಳತೆ ಕೊಟ್ಟು ಮಾಡಿಸೋದು. ನಳಿಗೆ ಒಬ್ಬನ ಹತ್ರ, ಮರ ಇನ್ನೊಬ್ಬನ ಹತ್ರ, ದುರ್ಬೀನು ಮತ್ತೊಂದು ಕಡೆ. ಆರು ತಿಂಗಳ ಪ್ಲಾನು.

"ಮಾವ, ಇಂಥದ್ದೊಂದು ಇದ್ರೆ ನಮ್ ಗದ್ದೆ ಜಿಂಕೆ ಕಾಟ ಮುಗೀತಲ್ವಾ?" ಅಂದ. ಆಮೇಲೆ ದನಿ ಸಣ್ಣ ಮಾಡಿ, "ಒಬ್ರು ಮಾಡಿಕೊಡೋರು ಗೊತ್ತಿದಾರೆ, ಅಷ್ಟೇನೂ ದುಡ್ಡಾಗಲ್ಲ" ಅಂದ. ಸ್ಟೇಷನ್ನಿನ ಜಗಲಿ ಮೇಲೆ ಕೂತು ಈ ಮಾತು!

ಅವನಿಗೆ ಆಗ ಏನೂ ಹೇಳಲಿಲ್ಲ. ಅವನ ಸಂಕಟ ನಂಗೆ ಗೊತ್ತು. ಹೋದ ವರ್ಷ ಅವನ ಮಕ್ಕಿಗದ್ದೆಯ ಅರ್ಧ ಎಕರೆ ಭತ್ತ ಹಾಲು ತುಂಬೋ ಹೊತ್ತಿಗೆ ಒಂದೇ ವಾರದಲ್ಲಿ ಹೋಯ್ತು. ಸೊಸೈಟಿ ಸಾಲ ಹಾಗೇ ಇದೆ. ಬೈದು ಬುದ್ಧಿ ಹೇಳಿದ್ರೆ ಕೇಳೋ ವಯಸ್ಸೂ ಅಲ್ಲ. ಅದಕ್ಕೆ ಮಳೆಗಾಲದ ರಾತ್ರಿಗಳಲ್ಲಿ ಈ "ಹೇಳಿ ಮಾಡಿಸಿದ ಕೋವಿ"ಯ ಚರಿತ್ರೆ ಹುಡುಕಿ ಓದಿದೆ. ಓದ್ತಾ ಓದ್ತಾ ಇದು ಬರೀ ಕೋವಿ ಕಥೆ ಅಲ್ಲ, ಸಾಲ ಮತ್ತು ಜಮೀನಿನ ಕಥೆಯೂ ಹೌದು ಅನ್ನಿಸ್ತು. ಅವನಿಗೆ ಹೇಳೋದನ್ನ ನಿಮ್ಮೆಲ್ಲರಿಗೂ ಹೇಳೋಣ ಅಂತ ಬರೀತಾ ಇದೀನಿ. ಉದ್ದ ಆಗುತ್ತೆ, ಎಲೆಅಡಿಕೆ ಹಾಕ್ಕೊಂಡು ಓದಿ.

ಮೊದಲು ಒಂದು ವ್ಯತ್ಯಾಸ ತಿಳ್ಕೋಬೇಕು. ನಮ್ಮನೆಗಳಲ್ಲಿ ಇರೋ ಕೋವಿಯ ನಳಿಗೆ ಒಳಗೆ ನುಣ್ಣಗೆ, ನೀರಿನ ಪೈಪಿನ ಹಾಗೆ. ರೈಫಲ್ಲಿನ ನಳಿಗೆ ಒಳಗೆ ಸುರುಳಿ ಸುತ್ತಿದ ಗೀರುಗಳಿರುತ್ತೆ. ಗುಂಡು ಆ ಗೀರಿಗೆ ಕಚ್ಚಿಕೊಂಡು ತಿರುಗುತ್ತಾ ಹೊರಗೆ ಬರುತ್ತೆ. ನಾವು ಚಿಕ್ಕವರಿದ್ದಾಗ ಬುಗುರಿ ಆಡಿದ್ದು ನೆನಪಿದೆಯಲ್ಲ, ತಿರುಗುವಷ್ಟು ಹೊತ್ತು ನೆಟ್ಟಗೆ ನಿಲ್ಲುತ್ತೆ, ತಿರುಗೋದು ನಿಂತ್ರೆ ವಾಲುತ್ತೆ. ಗುಂಡೂ ಹಾಗೇ. ತಿರುಗುವ ಗುಂಡು ದಾರಿ ಬಿಡಲ್ಲ. ನುಣುಪು ನಳಿಗೆಯಲ್ಲಿ ಒಂಟಿ ಗುಂಡು ಹಾಕಿ ಹೊಡೆದ್ರೆ ಐವತ್ತು ಅರವತ್ತು ಗಜದ ಆಚೆ ದೇವರ ಮೇಲೆ ಭಾರ. ಗೀರಿನ ನಳಿಗೆಯಾದ್ರೆ ಪಳಗಿದ ಕೈ ಇನ್ನೂರು ಗಜದವರೆಗೂ ಗುರಿ ಇಡುತ್ತೆ.

ಈ ಗೀರಿನ ಉಪಾಯ ಹುಟ್ಟಿದ್ದು 1500ರ ಆಸುಪಾಸಿನಲ್ಲಿ, ಜರ್ಮನ್ ಮಾತಾಡುವ ನಾಡುಗಳಲ್ಲಿ. ಅಲ್ಲಿ ಬೇಟೆಗಾರನಿಗೆ "ಯೇಗರ್" ಅಂತಾರೆ. ಅವನ ಕೋವಿಗೂ ಅದೇ ಹೆಸರು ಬಂತು. ಗಿಡ್ಡ ನಳಿಗೆ, ದಪ್ಪ ಗುಂಡು, ಗಟ್ಟಿ ಮರ. ಅಲ್ಲಿನ ಕಾಡು ದೊರೆಗಳದ್ದು, ಬೇಟೆಯೂ ಅವರದ್ದು. ಬೇಟೆಗಾರ ಬೆಳಿಗ್ಗೆ ಹೋಗಿ ಸಾಯಂಕಾಲ ಮನೆಗೆ ಬರ್ತಿದ್ದ. ಸೀಸ ಎಷ್ಟು ಖರ್ಚಾಯ್ತು, ಮದ್ದು ಎಷ್ಟು ಹೋಯ್ತು ಅಂತ ಕೇಳೋರಿಲ್ಲ.

1700ರ ನಂತರ ಜರ್ಮನಿ ಮತ್ತು ಸ್ವಿಜರ್‌ಲ್ಯಾಂಡಿನ ಕಡೆಯಿಂದ ಸಾವಿರಾರು ಬಡ ಕುಟುಂಬಗಳು ಹಡಗು ಹತ್ತಿ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋದವು. ರೈತರು, ಬಡಗಿಗಳು, ಕಮ್ಮಾರರು. ಅವರಲ್ಲಿ ಕೋವಿ ಕೆಲಸ ಬಲ್ಲವರೂ ಇದ್ರು. ಲಂಕಾಸ್ಟರ್ ಅನ್ನುವ ಊರು ಮತ್ತು ಅದರ ಸುತ್ತ ಇವರ ಕುಲುಮೆಗಳು ಎದ್ದವು. ಮೊದಮೊದಲು ಊರಲ್ಲಿ ಕಲಿತ ಯೇಗರ್ ಕೋವಿಯನ್ನೇ ಮಾಡಿದ್ರು. ಆದ್ರೆ ಕೊಳ್ಳೋಕೆ ಬಂದವನು ದೊರೆಯ ಬೇಟೆಗಾರ ಅಲ್ಲ. ಕಾಡು ಕಡಿದು ಗದ್ದೆ ಮಾಡ್ಕೊಂಡು, ಬಿಡುವಿನಲ್ಲಿ ಜಿಂಕೆ ಹೊಡೆದು ಚರ್ಮ ಮಾರುವ ಸಣ್ಣ ಒಕ್ಕಲು. ಅವನ ತಾಪತ್ರಯಗಳೇ ಬೇರೆ.

ಇಲ್ಲೇ ಈ "ಪ್ಲಾನು" ಶುರುವಾಗೋದು. ಅವನ ಲೆಕ್ಕ ನೋಡಿ. ಸೀಸ, ಮದ್ದು ಎರಡೂ ದುಡ್ಡು ಕೊಟ್ಟು ತರಬೇಕು, ಹೊತ್ತುಕೊಂಡು ನಡೀಬೇಕು. ಯೇಗರ್ ಕೋವಿಯ ಗುಂಡು ಅಡ್ಡಳತೆಯಲ್ಲಿ ಇಂಚಿನ ಹತ್ತರಲ್ಲಿ ಆರು ಪಾಲು. ಒಂದು ಪೌಂಡು ಸೀಸ ಕರಗಿಸಿ ಎರಕ ಹೊಯ್ದರೆ ಅಂಥವು ಇಪ್ಪತ್ತೊಂದು ಆಗುತ್ತೆ. ಅದೇ ಗುಂಡನ್ನ ಇಂಚಿನ ನೂರರಲ್ಲಿ ನಲವತ್ತೈದು ಪಾಲಿಗೆ ಸಣ್ಣ ಮಾಡಿದ್ರೆ ಅದೇ ಒಂದು ಪೌಂಡಿನಲ್ಲಿ ಐವತ್ತು ಗುಂಡು. ಗುಂಡು ಸಣ್ಣದಾದ್ರೆ ಮದ್ದೂ ಕಡಿಮೆ ಸಾಕು. ಜಿಂಕೆ ಬೀಳೋಕೆ ಅಷ್ಟು ಸಾಕು ಅಂದ್ಮೇಲೆ ದಪ್ಪ ಗುಂಡು ಯಾಕೆ ಹೊರೋದು? ಬಿತ್ತನೆ ಬೀಜ ಸೇರಿನಲ್ಲಿ ಅಳೆಯೋ ನಮ್ಮ ಬುದ್ಧಿಯೇ ಇದು. ನಾನು ಪೆನ್ನು ಕಾಗದ ಹಿಡಿದು ಲೆಕ್ಕ ಹಾಕಿ ನೋಡಿದೆ, ಸರಿ ಹೋಗುತ್ತೆ.

ಹೀಗೆ ನಳಿಗೆಯ ತೂತು ಸಣ್ಣದಾಯ್ತು, ಉದ್ದ ಬೆಳೀತು. ಯೇಗರ್ ನಳಿಗೆ ಮೂವತ್ತು ಇಂಚಿನ ಹತ್ತಿರ ಇದ್ದದ್ದು ಇಲ್ಲಿ ನಲವತ್ತು ದಾಟಿತು. ಉದ್ದ ನಳಿಗೆಯಲ್ಲಿ ಮದ್ದು ಪೂರ್ತಿ ಉರಿಯೋಕೆ ಜಾಗ, ಹಿಂದಿನ ಗುರಿಗೂ ಮುಂದಿನ ಗುರಿಗೂ ದೂರ ಜಾಸ್ತಿ ಆದ್ರೆ ಕಣ್ಣಿನ ತಪ್ಪು ಕಡಿಮೆ. ಮರಕ್ಕೆ ಅಲ್ಲೇ ಕಾಡಲ್ಲಿ ಸಿಗುವ ಮೇಪಲ್, ಅದರಲ್ಲೂ ಹುಲಿಪಟ್ಟೆಯ ಹಾಗೆ ಅಲೆಅಲೆ ಬಂದದ್ದನ್ನ ಆರಿಸ್ತಿದ್ರು. ಕಿಡಿ ಹೊಡೆಯುವ ಕುದುರೆ ಯಂತ್ರವನ್ನ ಮಾತ್ರ ಹೆಚ್ಚಾಗಿ ಇಂಗ್ಲೆಂಡು ಜರ್ಮನಿಯಿಂದ ತರಿಸ್ತಿದ್ರು. ಗುಂಡನ್ನ ಕೊಬ್ಬು ಹಚ್ಚಿದ ಬಟ್ಟೆ ತುಂಡಲ್ಲಿ ಸುತ್ತಿ ತಳ್ಳಿದ್ರೆ ಗೀರಿಗೆ ಸರಿಯಾಗಿ ಕೂರುತ್ತೆ. ಆ ಬಟ್ಟೆ ತುಂಡುಗಳನ್ನ ಇಡೋಕೆ ಕೋವಿಯ ಹಿಡಿಯಲ್ಲೇ ಹಿತ್ತಾಳೆ ಮುಚ್ಚಳದ ಒಂದು ಪೆಟ್ಟಿಗೆ, ನಮ್ಮ ಸುಣ್ಣದ ಡಬ್ಬಿ ಇದ್ದ ಹಾಗೆ.

ಇದನ್ನ ಯಾವನೂ ಕಂಪನಿಯಲ್ಲಿ ಕೂತು ಯೋಚಿಸಿದ್ದಲ್ಲ. ನಾವು ಆಚಾರ್ರ ಹತ್ರ ಹೋಗಿ "ನಂಗೆ ಎಡಗೈ ರೂಢಿ, ಕತ್ತಿ ಬಾಯಿ ಈ ಕಡೆ ಹೊಡೀರಿ, ಹಿಡಿ ಒಂದು ಬೆರಳು ಉದ್ದ ಇರಲಿ" ಅಂತೀವಲ್ಲ, ಹಾಗೇ. ಗಿರಾಕಿ ಬರ್ತಿದ್ದ, ತೋಳಿನ ಉದ್ದ ನೋಡ್ತಿದ್ರು, ಯಾವ ಕಾಡು, ಯಾವ ಪ್ರಾಣಿ ಕೇಳ್ತಿದ್ರು, ತಿಂಗಳುಗಟ್ಟಲೆ ಕೆಲಸ ಮಾಡಿ ಕೊಡ್ತಿದ್ರು. ಪ್ರತಿ ಕೋವಿಗೂ ಅದರದ್ದೇ ಗುಂಡಿನ ಅಚ್ಚು ಜೊತೆಗೆ. ಒಂದರ ಗುಂಡು ಇನ್ನೊಂದಕ್ಕೆ ಆಗಲ್ಲ. ಅದೇ ಮುಂದೆ ಕೆಂಟಕಿ ರೈಫಲ್ ಅಂತ ಹೆಸರಾಯ್ತು. ಮಾಡಿದ್ದು ಪೆನ್ಸಿಲ್ವೇನಿಯಾದಲ್ಲಿ, ಹೆಸರು ಬಂದಿದ್ದು ಬೇಟೆ ಆಡಿದ ಊರಿಂದ. ನಮ್ಮ ಕಡೆ ಬೆಳೆದವನ ಹೆಸರಿಲ್ಲದೆ ಮಂಡಿಯ ಊರಿನ ಹೆಸರಲ್ಲಿ ಅಡಿಕೆ ಮಾರಾಟ ಆದ ಹಾಗೆ.

ಸರಿ, ಅಷ್ಟೊಂದು ಜಿಂಕೆ ಯಾಕೆ ಬೇಕಿತ್ತು? ಮಾಂಸ ಎಷ್ಟು ತಿಂತಾರೆ? ಅಸಲು ವಿಷಯ ಚರ್ಮ. ಇಂಗ್ಲೆಂಡಿನಲ್ಲಿ ಚಡ್ಡಿ, ಕೈಚೀಲ, ಪುಸ್ತಕದ ಹೊದಿಕೆ ಎಲ್ಲದಕ್ಕೂ ಮೆತ್ತನೆ ಜಿಂಕೆ ಚರ್ಮ ಬೇಕಿತ್ತು. ಕರೊಲಿನಾದ ಚಾರ್ಲ್ಸ್‌ಟನ್ ಬಂದರಿನ ಕಡೆಯಿಂದ 1699ರಿಂದ 1715ರವರೆಗೆ ವರ್ಷಕ್ಕೆ ಸರಾಸರಿ 54 ಸಾವಿರದಷ್ಟು ಜಿಂಕೆ ಚರ್ಮ ಹಡಗು ಹತ್ತುತ್ತಿತ್ತು. ಅದು ಬರೀ ಶುರು. ಆ ಕಾಡುಗಳಲ್ಲಿ ರೊಕ್ಕ ಸಿಗೋದು ಕಷ್ಟ, ಹಾಗಾಗಿ ಲೆಕ್ಕ ಎಲ್ಲ ಚರ್ಮದಲ್ಲೇ. ಗಂಡು ಜಿಂಕೆಗೆ ಇಂಗ್ಲಿಷಿನಲ್ಲಿ ಬಕ್ ಅಂತಾರೆ. ಇಷ್ಟು ಬಕ್ ಕೊಟ್ಟರೆ ಒಂದು ಕಂಬಳಿ, ಅಷ್ಟು ಬಕ್ ಕೊಟ್ಟರೆ ಒಂದು ಕೋವಿ. ಈಗಲೂ ಅಮೆರಿಕದವರು ಡಾಲರಿಗೆ ಬಕ್ ಅನ್ನೋದು ಆ ಚರ್ಮದ ನೆನಪು.

ಈ ಚರ್ಮ ಹೊಡೆದವರಲ್ಲಿ ಎರಡು ತರದ ಜನ. ಇಬ್ಬರ ಕಥೆಯೂ ಹೇಳಬೇಕು.

ಒಂದು, ಬಿಳಿಯ ಒಕ್ಕಲುಗಳು. 1760ರ ನಂತರ ಇವರಲ್ಲಿ ಕೆಲವರು ಸುಗ್ಗಿ ಮುಗಿಸಿ ಗುಂಪು ಕಟ್ಟಿಕೊಂಡು ಬೆಟ್ಟ ದಾಟಿ ಕೆಂಟಕಿ ಕಾಡಿಗೆ ಹೋದ್ರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ಮೀರಿದ್ರೂ ಮನೆಗೆ ಬರ್ತಿರಲಿಲ್ಲ. ಅವರಿಗೆ "ಲಾಂಗ್ ಹಂಟರ್" ಅಂತಲೇ ಹೆಸರು. ಡೇನಿಯಲ್ ಬೂನ್ ಅನ್ನೋನು ಇವರಲ್ಲಿ ಪ್ರಸಿದ್ಧ. ಹುಟ್ಟಿದ್ದು 1734ರಲ್ಲಿ, ಪೆನ್ಸಿಲ್ವೇನಿಯಾದಲ್ಲೇ. 1769ರಲ್ಲಿ ಕೆಂಟಕಿಗೆ ಹೋದ. ಏಳೆಂಟು ತಿಂಗಳು ಹೊಡೆದು ಹೊಡೆದು ಚರ್ಮ ರಾಶಿ ಹಾಕಿದ. ಡಿಸೆಂಬರಿನಲ್ಲಿ ಅಲ್ಲಿನ ಮೂಲನಿವಾಸಿ ಶಾನಿ ಜನ ಹಿಡಿದರು. "ಇದು ನಮ್ಮ ಬೇಟೆ ಕಾಡು, ಇಲ್ಲಿನ ಜಿಂಕೆ ನಮ್ಮ ದನ ಇದ್ದ ಹಾಗೆ" ಅನ್ನೋದು ಅವರ ವಾದ. ಇದ್ದಬದ್ದ ಚರ್ಮ ಎಲ್ಲ ಕಿತ್ತುಕೊಂಡು, ಇನ್ನು ಬರಬೇಡ ಅಂತ ಹೇಳಿ ಬಿಟ್ಟರು. ಅವನು ಎರಡು ವರ್ಷ ಕಾಡಲ್ಲಿ ಇದ್ದು ಮನೆಗೆ ಬಂದಾಗ ಕೈ ಬರಿದು, ಸಾಲ ಹಾಗೇ.

ಇದೇ ಬೂನ್ ಮುಂದೆ ಕೆಂಟಕಿಗೆ ದಾರಿ ಕಡಿಸಿದ, ಊರು ಕಟ್ಟಿದ, ಸಾವಿರಾರು ಎಕರೆ ತನ್ನದು ಅಂತ ಗುರುತು ಹಾಕಿಸಿದ. ಆದ್ರೆ ಅಳತೆ ಸರಿ ಇಲ್ಲ, ಕಾಗದ ಸರಿ ಇಲ್ಲ, ಒಂದೇ ಜಾಗಕ್ಕೆ ಇನ್ನೊಬ್ಬನ ಹಕ್ಕು, ಕೋರ್ಟು ಕೇಸು. ಒಂದೊಂದಾಗಿ ಎಲ್ಲ ಹೋಯ್ತು. 1799ರಲ್ಲಿ, ಅರವತ್ತೈದರ ಹತ್ತಿರದ ವಯಸ್ಸಲ್ಲಿ, ಕೆಂಟಕಿ ಬಿಟ್ಟು ಮಿಸೌರಿ ಕಡೆ ಹೊರಟುಹೋದ. ಇನ್ನೂರು ಗಜದ ಗುರಿ ತಪ್ಪದ ಮನುಷ್ಯ, ಪಹಣಿಯಲ್ಲಿ ಗುರಿ ತಪ್ಪಿದ. ಪೋಡಿ ಆಗದ ಜಮೀನು ಇಟ್ಕೊಂಡು ತಾಲೂಕು ಆಫೀಸಿಗೆ ಅಲೆದವರಿಗೆ ಅವನ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಎರಡನೇ ಕಥೆ ಇನ್ನೂ ಕಹಿ. ದಕ್ಷಿಣದ ಕಾಡುಗಳಲ್ಲಿ ಕ್ರೀಕ್, ಚೆರೋಕಿ ಅನ್ನೋ ಮೂಲನಿವಾಸಿ ಜನ. ಅವರಿಗೆ ವ್ಯಾಪಾರಿಗಳು ಕೋವಿ ಕೊಟ್ಟರು. ಅಳತೆ ಕೊಟ್ಟು ಮಾಡಿಸಿದ್ದಲ್ಲ, ಇಂಗ್ಲೆಂಡಿನಲ್ಲಿ ವ್ಯಾಪಾರಕ್ಕೆ ಅಂತಲೇ ಒಟ್ಟಿಗೆ ಮಾಡಿ ಕಳಿಸಿದ ಅಗ್ಗದ ನುಣುಪು ನಳಿಗೆಯವು. ರೊಕ್ಕ ಈಗ ಬೇಡ, ಬೇಟೆ ಮುಗಿದ ಮೇಲೆ ಚರ್ಮ ಕೊಡಿ ಅಂದ್ರು. ಕೋವಿ ಸಾಲ, ಮದ್ದು ಸಾಲ, ಸೀಸ ಸಾಲ, ಜೊತೆಗೆ ಕಂಬಳಿ, ಕೊಡಲಿ, ರಮ್ಮು. ಮೊದಲು ಬಿಲ್ಲು ಬಾಣದಲ್ಲಿ ಮನೆಗೆ ಬೇಕಾದಷ್ಟು ಹೊಡೀತಿದ್ದವರು ಸಾಲ ತೀರಿಸೋಕೆ ಹೊಡೆಯೋಕೆ ಶುರು ಮಾಡಿದ್ರು. ಹೊಡೆದಷ್ಟೂ ಜಿಂಕೆ ಕಡಿಮೆ, ಕಡಿಮೆಯಾದಷ್ಟೂ ಇನ್ನೂ ದೂರ ಹೋಗಬೇಕು, ದೂರ ಹೋದಷ್ಟೂ ಮದ್ದು ಜಾಸ್ತಿ ಬೇಕು, ಮದ್ದು ಜಾಸ್ತಿಯಾದಷ್ಟೂ ಸಾಲ ಜಾಸ್ತಿ. ಕೊನೆಗೆ 1773ರಲ್ಲಿ ಆಗಸ್ಟಾ ಅನ್ನೋ ಊರಲ್ಲಿ ಒಪ್ಪಂದ ಆಯ್ತು. ವ್ಯಾಪಾರಿಗಳ ಸಾಲಕ್ಕೆ ವಜಾ ಅಂತ ಕ್ರೀಕ್ ಮತ್ತು ಚೆರೋಕಿ ಜನ ಜಾರ್ಜಿಯಾದಲ್ಲಿ 20 ಲಕ್ಷ ಎಕರೆಗೂ ಮೀರಿ ಭೂಮಿ ಬಿಟ್ಟುಕೊಟ್ಟರು.

ಇದನ್ನ ಓದಿದ ರಾತ್ರಿ ನಂಗೆ ಸರಿಯಾಗಿ ನಿದ್ದೆ ಬರಲಿಲ್ಲ. ಜಿಂಕೆ ಹೊಡೆಯೋಕೆ ಕೋವಿ ತಗೊಂಡ್ರು, ಕೋವಿಯ ಸಾಲಕ್ಕೆ ಜಿಂಕೆ ಓಡಾಡುವ ನೆಲವೇ ಹೋಯ್ತು.

ಒಂದು ಅಡ್ಡಮಾತು. ಈ ಉದ್ದ ಕೋವಿಯವರನ್ನ 1775ರಲ್ಲಿ ಅಲ್ಲಿನ ಕಾಂಗ್ರೆಸ್ಸು ಇಂಗ್ಲಿಷರ ವಿರುದ್ಧ ಯುದ್ಧಕ್ಕೂ ಕರೆಸಿತ್ತು. ಆ ಯುದ್ಧದಲ್ಲಿ 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾದ ಇಂಗ್ಲಿಷ್ ದಳಪತಿ ಕಾರ್ನ್‌ವಾಲಿಸ್. ಅಲ್ಲಿ ಸೋತವನೇ ಹತ್ತು ವರ್ಷ ಬಿಟ್ಟು 1791ರಲ್ಲಿ ನಮ್ಮ ಬೆಂಗಳೂರು ಕೋಟೆ ಹಿಡಿದು, ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಬರೆಸಿಕೊಂಡವನು. ಲೋಕ ಬಹಳ ಸಣ್ಣದು.

ಇನ್ನು ನಮ್ಮ ಕೇಪಿನ ಕೋವಿಯ ಮೂಲ. ಆಗಿನ ಕೋವಿಗಳು ಹೆಚ್ಚಾಗಿ ಚಕಮಕಿ ಕಲ್ಲಿನವು. ಕುದುರೆ ಎಳೆದ್ರೆ ಕಿಡಿ ಬೀಳಬೇಕು, ಹೊರಗಿನ ಮದ್ದು ಭಗ್ ಅನ್ನಬೇಕು, ಆಮೇಲೆ ಒಳಗಿನದ್ದು. ಮಳೆ ಬಂದ್ರೆ ಕೆಲಸ ಕೆಟ್ಟಿತು. ಸ್ಕಾಟ್‌ಲ್ಯಾಂಡಿನಲ್ಲಿ ಅಲೆಕ್ಸಾಂಡರ್ ಫಾರ್ಸೈತ್ ಅನ್ನೋ ಪಾದ್ರಿ ಇದ್ದ. ಅವನಿಗೆ ಹಕ್ಕಿ ಶಿಕಾರಿ ಹುಚ್ಚು. ಹೊರಗಿನ ಮದ್ದಿನ ಬೆಳಕು ಕಂಡ ಕೂಡಲೇ ಬಾತುಕೋಳಿ ಹಾರಿಹೋಗ್ತಿತ್ತು. ಪೆಟ್ಟು ಬಿದ್ದರೆ ಸಾಕು ಉರಿಯುವ ರಾಸಾಯನಿಕ ಹಾಕಿ ಬೇರೆ ಯಂತ್ರ ಮಾಡಿ 1807ರಲ್ಲಿ ಪೇಟೆಂಟು ತಗೊಂಡ. ಮುಂದೆ ಬೇರೆಯವರು ಅದನ್ನೇ ತಾಮ್ರದ ಪುಟ್ಟ ಟೋಪಿಯೊಳಗೆ ಇಟ್ಟರು. ಅದೇ ನಮ್ಮ ಕೇಪು. ದೀಪಾವಳಿಯಲ್ಲಿ ನಮ್ಮ ಮಕ್ಕಳು ಹೊಡೆಯುವ ಕೇಪೂ ಅದರ ಮರಿಮೊಮ್ಮಗನೇ.

ಆಮೇಲೆ ಕಾಲ ಓಡಿತು. 1884ರಲ್ಲಿ ಫ್ರಾನ್ಸಿನಲ್ಲಿ ಹೊಗೆ ಕಾಣದ ಮದ್ದು ಬಂತು. ಗುಂಡಿನ ವೇಗ ಜಾಸ್ತಿ ಆಯ್ತು. 1894ರಲ್ಲಿ ವಿಂಚೆಸ್ಟರ್ ಕಂಪನಿ ಜಾನ್ ಬ್ರೌನಿಂಗ್ ಮಾಡಿಕೊಟ್ಟ ಒಂದು ಹಗುರ ರೈಫಲ್ ತಂತು. ಅದು ಲಕ್ಷ ಅಲ್ಲ, ಮುಂದೆ 70 ಲಕ್ಷ ದಾಟಿ ತಯಾರಾಯ್ತು. ಅಮೆರಿಕದ ಹಳ್ಳಿಹಳ್ಳಿಯಲ್ಲಿ ಜಿಂಕೆ ಕೋವಿ ಅಂದ್ರೆ ಅದೇ. ಅಳತೆ ಕೊಟ್ಟು ಮಾಡಿಸುವ ಕುಲುಮೆಗಳು ಹೆಚ್ಚುಕಮ್ಮಿ ಆರಿದವು, ರೆಡಿಮೇಡ್ ಅಂಗಿ ಬಂದ ಮೇಲೆ ನಮ್ಮ ಟೈಲರುಗಳ ಪಾಡು ಆದ ಹಾಗೆ.

ಮತ್ತೆ ಆ ಹುಚ್ಚು ಹತ್ತಿದ್ದು ಯುದ್ಧದಿಂದ. ಜರ್ಮನಿಯ ಮೌಸರ್ 1898ರಲ್ಲಿ ಸೈನ್ಯಕ್ಕೆ ಮಾಡಿದ ರೈಫಲ್, ಅದರ ಮಾದರಿ ಹಿಡಿದು ಅಮೆರಿಕ ಸೈನ್ಯ 1903ರಲ್ಲಿ ಮಾಡಿಕೊಂಡ ಸ್ಪ್ರಿಂಗ್‌ಫೀಲ್ಡ್. ಬೀಗದ ಅಗುಳಿ ಹಾಕಿದ ಹಾಗೆ ಹಿಂದಿನಿಂದ ತಿರುಗಿಸಿ ಮುಚ್ಚುವಂಥವು, ಗಟ್ಟಿ, ನಿಖರ. ಅಧ್ಯಕ್ಷನಾಗಿದ್ದ ಥಿಯೋಡರ್ ರೂಸ್‌ವೆಲ್ಟ್ ತನಗೆ ಒಂದು ಸ್ಪ್ರಿಂಗ್‌ಫೀಲ್ಡನ್ನ ಬೇಟೆಗೆ ತಕ್ಕ ಹಾಗೆ ಮರ ಬದಲಿಸಿ ಮಾಡಿಸಿಕೊಂಡ. ಮೊದಲ ಮಹಾಯುದ್ಧದಿಂದ ಬಂದ ಸೈನಿಕರ ಕೈಗೆ ಇಂಥ ಕೋವಿಯೇ ರೂಢಿಯಾಗಿತ್ತು. ಸೈನ್ಯದ ರೈಫಲ್ ಕೊಂಡು, ಭಾರದ ಮರ ತೆಗೆಸಿ, ಅಕ್ರೋಟು ಮರದ ಹೊಸ ಹಿಡಿ ಹಾಕಿಸಿ ಬೇಟೆ ಕೋವಿ ಮಾಡಿಸೋದು ಶುರುವಾಯ್ತು. ಇದನ್ನೇ ಕಸುಬು ಮಾಡಿಕೊಂಡ ಗ್ರಿಫಿನ್ ಅಂಡ್ ಹೋ ಅನ್ನೋ ಅಂಗಡಿ ನ್ಯೂಯಾರ್ಕಿನಲ್ಲಿ 1923ರಲ್ಲಿ ತೆರೆಯಿತು.

ಹುಡುಗ ತೋರಿಸಿದ ವಿಡಿಯೊ ಇದೇ ವಂಶದ್ದು. ಅಲ್ಲಿ ಪ್ಲಾನು ಮಾಡುವವರು ಕೇಳಿಕೊಳ್ಳುವ ಪ್ರಶ್ನೆಗಳ ಸರಣಿ ಚೆನ್ನಾಗಿದೆ. ಯಾವ ಜಿಂಕೆ, ಎಷ್ಟು ತೂಕದ್ದು? ಪೊದೆ ಕಾಡೋ, ಬಯಲೋ, ಎಷ್ಟು ದೂರದಿಂದ ಹೊಡೆಯೋದು? ಎಷ್ಟು ಹೊತ್ತು ಹೊತ್ತು ನಡೆಯೋದು? ಹೆಗಲಿಗೆ ಎಷ್ಟು ಒದೆತ ತಡೆಯುತ್ತೆ? ಇದೆಲ್ಲ ಆದ್ಮೇಲೆ ತೋಟೆ ಯಾವುದು, ನಳಿಗೆ ಎಷ್ಟುದ್ದ, ಹಿಡಿಯ ಅಳತೆ ಎಷ್ಟು. ದುರ್ಬೀನು ಕೊನೆಗೆ. ಕೆಲಸ ಮೊದಲು, ಕೋವಿ ಆಮೇಲೆ. ಲಂಕಾಸ್ಟರಿನ ಕಮ್ಮಾರ ಕೇಳ್ತಿದ್ದದ್ದೂ ಇದನ್ನೇ.

ಆದ್ರೆ ವಿಡಿಯೊದಲ್ಲಿ ತೋರಿಸದ ಒಂದು ಕಥೆ ಇದೆ. ಕೋವಿ ಸುಧಾರಿಸ್ತಾ ಹೋದಂತೆ ಜಿಂಕೆ ಏನಾಯ್ತು? 1900ರ ಹೊತ್ತಿಗೆ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆ ಐದು ಲಕ್ಷಕ್ಕೆ ಇಳಿದಿತ್ತು ಅಂತ ಅಂದಾಜು. ಎಷ್ಟೋ ರಾಜ್ಯಗಳಲ್ಲಿ ಕಾಣೋಕೇ ಸಿಗ್ತಿರಲಿಲ್ಲ. ಆಗ ಭಯ ಬಿತ್ತು. ಕದ್ದು ಹೊಡೆದ ಮಾಂಸ ರಾಜ್ಯ ದಾಟಿಸಬಾರದು ಅಂತ 1900ರಲ್ಲೇ ಲೇಸಿ ಕಾಯಿದೆ ಬಂತು. ಮಾರಾಟಕ್ಕೆ ಹೊಡೆಯೋದು ನಿಂತಿತು. ಬೇಟೆಗೆ ಇಂತಿಷ್ಟೇ ದಿನ, ಒಬ್ಬನಿಗೆ ಇಂತಿಷ್ಟೇ ಜಿಂಕೆ, ಚೀಟಿ ಇಲ್ಲದೆ ಇಲ್ಲ. 1937ರಲ್ಲಿ ಇನ್ನೊಂದು ಕಾನೂನು: ಬೇಟೆ ಕೋವಿ, ತೋಟೆ ಮೇಲಿನ ತೆರಿಗೆಯನ್ನ ಪ್ರಾಣಿಗಳನ್ನ ಉಳಿಸೋ ಕೆಲಸಕ್ಕೇ ಕೊಡಬೇಕು ಅಂತ. ಈಗ ಅದು ನೂರಕ್ಕೆ 11. ಜಿಂಕೆ ಬೇಟೆಗಾರನ ದುಡ್ಡಲ್ಲೇ ಜಿಂಕೆ ಬೆಳೀತು. ಇವತ್ತು ಅಲ್ಲಿ ಮೂರು ಕೋಟಿ ಇದೆ ಅಂತಾರೆ. ಈಗ ಅಲ್ಲಿನ ಜೋಳ, ಸೋಯಾ ರೈತರೂ ಜಿಂಕೆ ತಿಂತು ಅಂತ ಅರ್ಜಿ ಹಿಡ್ಕೊಂಡು ಇಲಾಖೆಗೆ ಓಡ್ತಾರೆ. ಹಾಗಾಗಿ ಅಲ್ಲಿ ಕೋವಿ ಮಾಡಿಸೋನು ಒಬ್ಬನೇ ಅಲ್ಲ, ಅವನ ಹಿಂದೆ ನೂರು ವರ್ಷದ ಕಾನೂನು, ಎಣಿಕೆ, ಚೀಟಿ ಎಲ್ಲ ಇದೆ. ವಿಡಿಯೊದಲ್ಲಿ ಕೋವಿ ಮಾತ್ರ ಕಾಣುತ್ತೆ.

ಈಗ ನಮ್ಮ ಮನೆಗೆ ಬರೋಣ. 1857ರ ದಂಗೆಯಾದ ಮೇಲೆ ಇಂಗ್ಲಿಷರಿಗೆ ನಮ್ಮವರ ಕೈಲಿ ಕೋವಿ ಕಂಡರೆ ಭಯ. ಆಯುಧ ಕಸಿದುಕೊಳ್ಳೋ ಕಾನೂನುಗಳು ಬಂದವು. 1861ರಲ್ಲಿ ಕೊಡಗಿನವರಿಗೆ ಅದರಿಂದ ವಿನಾಯಿತಿ ಸಿಕ್ಕಿತು, ಅದು ಬೇರೆ ರೂಪದಲ್ಲಿ ಇವತ್ತಿಗೂ ನಡೀತಾ ಇದೆ. 1878ರ ಆಯುಧ ಕಾಯಿದೆಯಲ್ಲಿ ಲೈಸೆನ್ಸ್ ಪದ್ಧತಿ ಗಟ್ಟಿಯಾಯ್ತು. ಸ್ವಾತಂತ್ರ್ಯ ಬಂದ ಮೇಲೆ 1959ರ ಕಾಯಿದೆ. ಅದರ 13ನೇ ಕಲಮು ನೋಡಿ ನಂಗೆ ಆಶ್ಚರ್ಯ ಆಯ್ತು. ನಿಜವಾದ ಬೆಳೆ ರಕ್ಷಣೆಗೆ ಅಂತ ಕೇಳಿದ್ರೆ ಕೊಡಬೇಕಾದ ಕೋವಿ ಯಾವುದು ಅಂತ ಅದರಲ್ಲೇ ಬರೆದಿದೆ: ಬಾಯಿಂದ ಮದ್ದು ತುಂಬುವ ಕೋವಿ. ಅದು ಸಾಲದು ಅಂತ ಅಧಿಕಾರಿಗೆ ಮನದಟ್ಟಾದ್ರೆ ಬೇರೆ ಕೋವಿ ಕೊಡಬಹುದು, ಆದ್ರೆ ಅದೂ ನುಣುಪು ನಳಿಗೆಯದ್ದೇ ಆಗಿರಬೇಕು.

ಅಂದ್ರೆ, ಪೆನ್ಸಿಲ್ವೇನಿಯಾದ ಬೇಟೆಗಾರ ಮುನ್ನೂರು ವರ್ಷದ ಹಿಂದೆ "ಇದು ಜಿಂಕೆಗೆ ಆಗಲ್ಲ" ಅಂತ ಬಿಟ್ಟ ಮಾದರಿಯನ್ನೇ ನಮ್ಮ ಕಾಯಿದೆ ನಮಗೆ ಹುಡುಕಿ ಕೊಟ್ಟಿದೆ. ಮೊದಲು ಇದು ಅನ್ಯಾಯ ಅನ್ನಿಸ್ತು. ಆಮೇಲೆ ಯೋಚಿಸಿದೆ. ಇದೂ ಒಂದು "ಹೇಳಿ ಮಾಡಿಸಿದ" ಕೋವಿಯೇ. ಗದ್ದೆ ಅಂಚಿನ ಮಾಳದಲ್ಲಿ ಕೂತು ಒಂದು ಈಡು ಹಾರಿಸಿ ಹೆದರಿಸೋಕೆ, ಹಂದಿ ಮೈಮೇಲೆ ಬಂದ್ರೆ ಪ್ರಾಣ ಉಳಿಸ್ಕೊಳ್ಳೋಕೆ. ಕಾಡು ಹೊಕ್ಕು ಅಟ್ಟಿಸಿಕೊಂಡು ಹೋಗೋಕೆ ಅಲ್ಲ. ಕೆಲಸ ಮೊದಲು, ಕೋವಿ ಆಮೇಲೆ ಅಂದೆನಲ್ಲ, ಆ ಲೆಕ್ಕ ಇಲ್ಲೂ ಇದೆ. 1972ರ ವನ್ಯಜೀವಿ ಕಾಯಿದೆ ಬಂದ ಮೇಲಂತೂ ಜಿಂಕೆ, ಕಡವೆ ಹೊಡೆಯೋ ಮಾತೇ ಇಲ್ಲ. ಬೆಳೆ ಹಾಳು ಮಾಡುವ ಪ್ರಾಣಿಯನ್ನ ಕೊಲ್ಲೋಕೂ ಇಲಾಖೆಯ ಲಿಖಿತ ಆದೇಶ ಬೇಕು, 11ನೇ ಕಲಮಿನಲ್ಲಿ ಅದಕ್ಕೆ ದಾರಿ ಇಟ್ಟಿದಾರೆ. ದಾರಿ ಉದ್ದ, ಕಲ್ಲುಮುಳ್ಳು ಜಾಸ್ತಿ, ಅದು ಬೇರೆ ಮಾತು.

ಇನ್ನೊಂದು ಲೆಕ್ಕ ಇದೆ. ನಮ್ಮ ಕೋವಿಯ ಚರೆ ಕೆಲವು ನೂರು ಮೀಟರಿಗೆ ಸುಸ್ತಾಗಿ ಬೀಳುತ್ತೆ. ವಿಡಿಯೊದಲ್ಲಿರುವಂಥ ರೈಫಲ್ಲಿನ ಗುಂಡು ಗುರಿ ತಪ್ಪಿದ್ರೆ ಮೂರು ಕಿಲೋಮೀಟರಿಗೂ ಮೀರಿ ಹೋಗುತ್ತೆ. ನಮ್ಮ ಊರಲ್ಲಿ ಯಾವ ದಿಕ್ಕಿಗೆ ಮೂರು ಕಿಲೋಮೀಟರ್ ಹೋದ್ರೂ ಯಾರದ್ದಾದ್ರೂ ಕೊಟ್ಟಿಗೆ, ಯಾರದ್ದಾದ್ರೂ ಅಂಗಳ, ಒಂದು ಶಾಲೆ ಸಿಗುತ್ತೆ.

ಚರೆಯಾದ್ರೂ ಅಷ್ಟೇ ಅನ್ನಿ. ನಾನು ಏಳನೇ ಕ್ಲಾಸಲ್ಲಿದ್ದಾಗ ನಮ್ಮ ಕೆಳಮನೆ ಪಾಲಿನ ಒಬ್ಬರು ರಾತ್ರಿ ಹಾಡ್ಯದ ಅಂಚಲ್ಲಿ ತಪ್ಪಿಸಿಕೊಂಡ ಹಸು ಹುಡುಕ್ತಾ ಇದ್ರು. ಪೊದೆ ಅಲ್ಲಾಡ್ತು, ಮಾಳದಲ್ಲಿದ್ದವರು ಹಂದಿ ಅಂತ ಹೊಡೆದ್ರು. ಹೊಡೆದವರೂ ಹೋದವರೂ ಒಟ್ಟಿಗೆ ಬೆಳೆದವರು, ಭಾವ ಭಾವ ಅಂತ ಕರ್ಕೊಳ್ಳೋರು. ಬೆಳಿಗ್ಗೆ ನಮ್ಮಪ್ಪ ಅಲ್ಲಿಂದ ಬಂದವರು ಮಾತಾಡದೆ ನಮ್ಮನೆ ಕೋವಿಯನ್ನ ಅಟ್ಟಕ್ಕೆ ಹಾಕಿದ್ರು. ಅದು ಆಮೇಲೆ ಇಳಿದಿದ್ದು ಆಯುಧಪೂಜೆಗೆ ಮತ್ತು ಎಲೆಕ್ಷನ್ನಿಗೆ ಮಾತ್ರ. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಆಯ್ತು, ಕೋವಿಯ ಪಾಡು ಬದಲಾಗಲಿಲ್ಲ.

ಇಷ್ಟೆಲ್ಲ ಓದಿ ಆದ್ಮೇಲೆ ಒಂದು ಸಂಜೆ ಹುಡುಗನನ್ನ ಮನೆಗೆ ಕರೆದೆ. ಬೂನ್ ಕಥೆ ಹೇಳಿದೆ, ಬಾಯಿಬಿಟ್ಟು ಕೇಳಿದ. ಕ್ರೀಕ್ ಜನರ ಸಾಲದ ಕಥೆ ಹೇಳುವಾಗ ನೆಲ ನೋಡ್ತಾ ಕೂತ. ಕೊನೆಗೆ ಕಾನೂನು ಹೇಳಿದೆ. 2019ರಲ್ಲಿ ತಿದ್ದುಪಡಿ ಆದಮೇಲೆ ಲೈಸೆನ್ಸ್ ಇಲ್ಲದೆ ಕೋವಿ ತಯಾರಿಸಿದ್ರೆ ಕಡಿಮೆ ಅಂದ್ರೆ ಏಳು ವರ್ಷ, ಜಾಸ್ತಿ ಅಂದ್ರೆ ಜೀವಾವಧಿ. "ಅರ್ಧ ಎಕರೆ ಭತ್ತಕ್ಕೆ ಏಳು ವರ್ಷ. ನಿಂಗೆ ಲೆಕ್ಕ ಬರುತ್ತಲ್ಲ, ನೀನೇ ಹಾಕು" ಅಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಸರಿ ಮಾವ, ಕೋವಿ ಬೇಡ. ಹಾಗಾದ್ರೆ ಈ ವರ್ಷ ಭತ್ತ ಹ್ಯಾಂಗ್ ಉಳಿಸ್ಲಿ?"

ಇದಕ್ಕೆ ಚರಿತ್ರೆಯಲ್ಲಿ ಉತ್ತರ ಸಿಗಲಿಲ್ಲ. ಹಳೇದೇ ಒಂದು ಹೇಳಿದೆ. ಅವನ ಮಕ್ಕಿಗದ್ದೆ, ನನ್ನದು, ಆಚೆ ಕಡೆಯ ಎರಡು ಮನೆಯದು ಸೇರಿದ್ರೆ ಒಂದೇ ಬಯಲು. ಒಬ್ಬೊಬ್ಬರೇ ಬೇಲಿ ಹಾಕಿದ್ರೆ ನಾಲ್ಕು ಸುತ್ತು, ಒಟ್ಟಿಗೆ ಹಾಕಿದ್ರೆ ಒಂದೇ ಸುತ್ತು. ಸೋಲಾರ್ ಬೇಲಿಗೆ ನಾಲ್ಕೂ ಮನೆ ಸೇರಿ ಅರ್ಜಿ ಹಾಕೋದು, ಸಿಗುವವರೆಗೆ ಪಾಳಿ ಮೇಲೆ ಮಾಳ ಕಾಯೋದು. ಬೆಳೆ ಹೋದ್ರೆ ಫೋಟೊ ತೆಗೆದು ಆ ದಿನವೇ ಪರಿಹಾರದ ಅರ್ಜಿ ಕೊಡೋದು, ಬೂನ್ ಮಾಡಿದ ಹಾಗೆ ಕಾಗದ ಅಸಡ್ಡೆ ಮಾಡದೆ. ನಾಲ್ಕು ಮನೆಯಲ್ಲಿ ಮೂರು ಮನೆ ಒಪ್ಪಿದಾರೆ. ನಾಲ್ಕನೆಯವರು ಈ ಪೇಜು ಓದ್ತಾರೆ ಅಂತ ನಂಗೆ ಗೊತ್ತು, ಅದಕ್ಕೆ ಇಲ್ಲೇ ಕೇಳ್ತಾ ಇದೀನಿ. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ನಮ್ಮನೆ ಕಡೆ ಬನ್ನಿ.

ಇನ್ನು ನನ್ನ ಕೋವಿ. ಎಲೆಕ್ಷನ್ ಮುಗೀತು, ವಾಪಸ್ ತಂದಾಯ್ತು. ರಿನ್ಯೂವಲ್ ಹತ್ರ ಬಂದಿದೆ. ಮಾಡಿಸಬೇಕೋ, ಸರ್ಕಾರಕ್ಕೆ ಒಪ್ಪಿಸಿಬಿಡಬೇಕೋ ಅಂತ ಇನ್ನೂ ತೀರ್ಮಾನ ಮಾಡಿಲ್ಲ. ನಿನ್ನೆ ಒರೆಸುವಾಗ ಅದರ ಮರದ ಹಿಡಿ ಮೇಲೆ ಅಪ್ಪನ ಕೆನ್ನೆ ತಾಗಿ ತಾಗಿ ನುಣುಪಾದ ಜಾಗ ಕಂಡಿತು. ನಂದು ಅಲ್ಲಿಗೆ ಸರಿಯಾಗಿ ಕೂರಲ್ಲ, ನಾನು ಅವರಿಗಿಂತ ಎತ್ತರ. ನಿಮ್ಮ ಮನೆಗಳಲ್ಲಿ ಲೈಸೆನ್ಸ್ ವಿಚಾರ ಏನು ಮಾಡಿದ್ರಿ, ಅನುಭವ ಇದ್ದವರು ತಿಳಿಸಿ.